ಮಡಕೆಯ ಬಾಯಿಗೆ ಕಟ್ಟಿದ ಬಟ್ಟೆ

ಏಳನೆಯ ಶತಮಾನದಲ್ಲಿ ಚೀನಾದಿಂದ ಬಂದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಭಾರತದ ಉದ್ದಗಲ ಸುತ್ತಿದ. ಇಮ್ಮಡಿ ಪುಲಕೇಶಿಯ ನಾಡನ್ನು ಕಂಡು ಅಲ್ಲಿನ ಜನರ ಕೆಚ್ಚನ್ನು ಹೊಗಳಿದ. ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದಿಡುವ ಅಭ್ಯಾಸ ಅವನದು; ಅಡುಗೆಮನೆಯ ಪಾತ್ರೆಪಡಗಗಳನ್ನೂ ಬಿಡಲಿಲ್ಲ. ಇಲ್ಲಿಯವರ ಪಾತ್ರೆಗಳು ಹೆಚ್ಚಾಗಿ ಮಣ್ಣಿನವು, ಬೇಯಿಸಲು ಮಡಕೆಗಳುಂಟು, ಆದರೆ ಅಕ್ಕಿಯನ್ನು ಹಬೆಯಲ್ಲಿ ಬೇಯಿಸುವ ಪಾತ್ರೆಯನ್ನು ಇವರು ಅರಿಯರು ಎಂದು ಅವನ ಪ್ರವಾಸ ಕಥನದಲ್ಲಿದೆ.

ಬೆಳಗಿನ ಏಳು ಗಂಟೆಗೆ, ಒಲೆಯ ಮೇಲೆ ಇಡ್ಲಿ ಪಾತ್ರೆಯ ಮುಚ್ಚಳ ಟಪಟಪ ಎನ್ನುತ್ತಿರುವಾಗ ಈ ಮಾತನ್ನು ಬಾನುಲಿಯಲ್ಲಿ ಕೇಳಿದವರಿಗೆ ನಂಬುವುದು ಕಷ್ಟವಾದೀತು. ದಕ್ಷಿಣದಲ್ಲಿ ಇಡ್ಲಿ, ಕಡುಬು, ಪುಟ್ಟು; ಪಶ್ಚಿಮದಲ್ಲಿ ಢೋಕ್ಲಾ, ಮೋದಕ; ಪೂರ್ವದಲ್ಲಿ ಪಿಠಾ; ಹಿಮಾಲಯದ ಮಡಿಲಲ್ಲಿ ಸಿಡ್ಡು. ದೇಶದ ಯಾವ ಮೂಲೆಗೆ ಹೋದರೂ ಹಬೆಯಲ್ಲಿ ಬೆಂದ ಒಂದು ತಿನಿಸಾದರೂ ಎದುರಾಗುತ್ತದೆ.

ಆದರೂ ಸವಿದು ನೋಡಬೇಕಾದ ಭಾರತದ ಅಡುಗೆ ಯಾವುದು ಎಂದು ಯಾರಾದರೂ ಕೇಳಿದರೆ ಮೊದಲು ಬಾಯಿಗೆ ಬರುವುದು ಬಿರಿಯಾನಿ, ತಂದೂರಿ ಕೋಳಿ, ಸಮೋಸ, ಜಿಲೇಬಿ. ಕರಿದದ್ದು, ಸುಟ್ಟದ್ದು, ತುಪ್ಪ ಮಸಾಲೆಯಲ್ಲಿ ಮಿಂದದ್ದು. ಹಬೆಯ ಅಡುಗೆಗೆ ಸಿಗುವುದು ಜ್ವರ ಬಂದವರ ಪಥ್ಯದ ಸ್ಥಾನ. ಇದು ಅನ್ಯಾಯ. ಎಣ್ಣೆ ಮಸಾಲೆಗಳ ಅಬ್ಬರವಿಲ್ಲದೆ, ಅಕ್ಕಿಯ ರುಚಿ ಅಕ್ಕಿಯದ್ದಾಗಿ, ಎಲೆಯ ಕಂಪು ಎಲೆಯದ್ದಾಗಿ ನಾಲಗೆಗೆ ದಕ್ಕುವುದು ಹಬೆಯಲ್ಲಿ ಮಾತ್ರ. ಒಂದು ಊರಿನ ನೆಲ, ಮಳೆ, ಮರಗಿಡಗಳನ್ನು ತಿಂದು ತಿಳಿಯಬೇಕೆಂದರೆ ಆ ಊರಿನ ಬಾಣಲೆಗಿಂತ ಮೊದಲು ಹಬೆಯ ಪಾತ್ರೆಯ ಮುಚ್ಚಳ ತೆರೆಯಬೇಕು.

ಹಬೆಯ ಕೆಲಸ ನೋಡಲು ಮೆದು, ಶಕ್ತಿ ಮಾತ್ರ ದೊಡ್ಡದು. ಒಂದು ಗ್ರಾಂ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಒಂದು ಕ್ಯಾಲೊರಿ ಶಾಖ ಸಾಕು. ಅದೇ ಒಂದು ಗ್ರಾಂ ಹಬೆ ತಣ್ಣನೆಯ ಹಿಟ್ಟನ್ನು ಮುಟ್ಟಿ ಮತ್ತೆ ನೀರಾಗುವಾಗ ಸುಮಾರು 540 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ. ಇಡ್ಲಿ ಹತ್ತು ಹನ್ನೆರಡು ನಿಮಿಷದಲ್ಲಿ ಒಳಗಿನ ತನಕ ಬೇಯುವುದು ಈ ಕಾರಣಕ್ಕೆ. ಇಷ್ಟಾದರೂ ಬಿಸಿ ನೂರು ಡಿಗ್ರಿ ದಾಟುವುದಿಲ್ಲ. ಹಾಗಾಗಿ ತಳ ಹಿಡಿಯುವ, ಸೀದುಹೋಗುವ ಭಯವಿಲ್ಲ. ಪಾತ್ರೆಯಲ್ಲಿ ನೀರು ಆರದಂತೆ ನೋಡಿಕೊಂಡರೆ ಆಯಿತು.

ಇಡ್ಲಿಯ ಹಳೆಯ ಕುರುಹುಗಳು ಸಿಗುವುದು ಕನ್ನಡದಲ್ಲೇ ಎಂಬುದನ್ನು ಕನ್ನಡಿಗರೇ ಅಷ್ಟಾಗಿ ನೆನೆಯುವುದಿಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಮಾತು ಬರುತ್ತದೆ. 1025ರ ಹೊತ್ತಿಗೆ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಬೇಸಾಯ, ಬಾವಿ ತೋಡುವುದು, ದನಗಳ ಮದ್ದು ಇವುಗಳ ಜೊತೆಗೆ ಅಡುಗೆಯೂ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು ಬೆರೆಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಹಾಕುವ ಕ್ರಮವನ್ನು ಆ ಗ್ರಂಥ ತಿಳಿಸುತ್ತದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ‘ಇಡ್ಡರಿಕಾ’ ಎಂಬ ತಿನಿಸನ್ನು ವರ್ಣಿಸಿದ.

ಈ ಹಳೆಯ ಇಡ್ಡಲಿಗೆ ಉದ್ದಿನದು. ಇಂದಿನ ಇಡ್ಲಿಯಲ್ಲಿ ಹೆಚ್ಚಿನ ಪಾಲು ಅಕ್ಕಿಯದು. ರಾತ್ರಿಯಿಡೀ ಹುಳಿ ಬರಿಸುವುದು, ಹಬೆಯಲ್ಲಿ ಬೇಯಿಸುವುದು ಇವು ಯಾವಾಗ ಕೂಡಿಕೊಂಡವು ಎಂಬುದು ಚರ್ಚೆಯ ವಿಷಯ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಕೆ. ಟಿ. ಆಚಯ, ಭಾರತೀಯ ಆಹಾರದ ಚರಿತ್ರೆಯನ್ನು ಜೀವಮಾನದ ಕೆಲಸವಾಗಿ ಮಾಡಿಕೊಂಡವರು, ಹ್ಯೂಯೆನ್ ತ್ಸಾಂಗನ ಆ ಮಾತನ್ನು ಎತ್ತಿಕೊಂಡು, ಹಬೆಯ ವಿದ್ಯೆ ಇಂಡೋನೇಷ್ಯಾದ ಕಡೆಯಿಂದ ಬಂದಿರಬಹುದು ಎಂದು ಊಹಿಸಿದರು. ಒಪ್ಪದವರೂ ಇದ್ದಾರೆ. ಹಬೆಗೆ ಬೇರೆ ಪಾತ್ರೆಯೇ ಬೇಕೇ? ನೀರು ಕುದಿಯುವ ಮಡಕೆ, ಅದರ ಬಾಯಿಗೆ ಬಿಗಿದು ಕಟ್ಟಿದ ಒಂದು ತುಂಡು ಬಟ್ಟೆ, ಮೇಲೊಂದು ಮುಚ್ಚಳ, ಇಷ್ಟಿದ್ದರೆ ಸಾಲದೇ? ಬಂದು ಹೋಗುವ ಯಾತ್ರಿಕನ ಕಣ್ಣಿಗೆ ಅದು ಪಾತ್ರೆಯಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ಕೇರಳದ ಪಾಲಕ್ಕಾಡಿನ ಬಳಿ ರಾಮಶ್ಶೇರಿ ಎಂಬ ಪುಟ್ಟ ಊರಿದೆ. ಮಡಕೆ ಮತ್ತು ಬಟ್ಟೆಯ ಆ ಕ್ರಮವನ್ನು ಇಂದೂ ಅಲ್ಲಿ ನೋಡಬಹುದು. ತಮಿಳುನಾಡಿನಿಂದ ಬಂದು ನೆಲೆಸಿದ ಮುದಲಿಯಾರ್ ಕುಟುಂಬಗಳು ಮಣ್ಣಿನ ಮಡಕೆಯ ಬಾಯಿಯ ಮೇಲೆ ಬಲೆ ಹೆಣೆದು, ಬಟ್ಟೆ ಹಾಸಿ, ಹಿಟ್ಟು ಹೊಯ್ದು, ಇನ್ನೊಂದು ಮಡಕೆಯನ್ನು ಕವುಚಿ ಬೇಯಿಸುತ್ತವೆ. ಹೊರಬರುವುದು ದೋಸೆಯಂತೆ ಅಗಲವಾದ, ಚಪ್ಪಟೆಯಾದ, ಹತ್ತಿಯಂತೆ ಮೆತ್ತನೆಯ ಇಡ್ಲಿ. ಕಾಂಚೀಪುರದ ವರದರಾಜ ಪೆರುಮಾಳ್ ದೇವಾಲಯದ ಇಡ್ಲಿಯದು ಬೇರೆ ಗತ್ತು. ಬಿದಿರಿನ ಉದ್ದನೆಯ ಬುಟ್ಟಿಗೆ ಮಂದಾರದ ಎಲೆ ಹಾಸಿ, ಮೆಣಸು, ಜೀರಿಗೆ, ಶುಂಠಿ, ತುಪ್ಪ ಬೆರೆಸಿದ ಹಿಟ್ಟನ್ನು ಅದರೊಳಗೆ ಬೇಯಿಸಿ, ನೈವೇದ್ಯದ ನಂತರ ಕತ್ತರಿಸಿ ಹಂಚುತ್ತಾರೆ. ಮೆಣಸು ಜೀರಿಗೆಯ ಆ ಹಿಟ್ಟಿನಲ್ಲಿ ಚಾವುಂಡರಾಯನ ಇಡ್ಡಲಿಗೆಯ ನೆನಪು ಇನ್ನೂ ಆರಿಲ್ಲವೆನಿಸುತ್ತದೆ.

ಕರ್ನಾಟಕದಲ್ಲಿ ಬಿಡದಿ ಮತ್ತು ತುಮಕೂರಿನ ಪಕ್ಕದ ಕ್ಯಾತ್ಸಂದ್ರ ತಟ್ಟೆ ಇಡ್ಲಿಗೆ ಹೆಸರಾದವು. ಬೆಂಗಳೂರಿನ ರವೆ ಇಡ್ಲಿ ಕಷ್ಟಕಾಲದ ಕೂಸು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅಕ್ಕಿಗೆ ಬರ ಬಂದಾಗ ರವೆಗೆ ಮೊಸರು ಬೆರೆಸಿ ಇಡ್ಲಿ ಮಾಡಿದ್ದು ತಾವೇ ಎಂದು 1924ರಲ್ಲಿ ಶುರುವಾದ ಎಂಟಿಆರ್ ಹೇಳಿಕೊಳ್ಳುತ್ತದೆ. ಸಾಸಿವೆ, ಗೋಡಂಬಿಯ ಒಗ್ಗರಣೆಯ ಆ ಇಡ್ಲಿ ಈಗ ಬರದ ನೆನಪಿಲ್ಲದವರಿಗೂ ಬೆಳಗಿನ ಬಯಕೆ.

ಇಡ್ಲಿ ಹಿಟ್ಟು ಉಬ್ಬುವುದಕ್ಕೆ ಹೊರಗಿನಿಂದ ಯೀಸ್ಟ್ ತರಬೇಕಿಲ್ಲ. ಬೇಳೆ ಅಕ್ಕಿಗಳ ಮೇಲೆಯೇ ಇರುವ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ರಾತ್ರಿಯೆಲ್ಲ ದುಡಿದು ಗಾಳಿಗುಳ್ಳೆಗಳನ್ನೂ ಹುಳಿಯನ್ನೂ ಹುಟ್ಟಿಸುತ್ತದೆ. ಆ ಗುಳ್ಳೆಗಳು ಒಡೆದು ಹೋಗದಂತೆ ಹಿಡಿದಿಟ್ಟುಕೊಳ್ಳುವುದು ಉದ್ದಿನ ಲೋಳೆ. ತೊಗರಿಯಿಂದಲೋ ಹೆಸರಿನಿಂದಲೋ ಇಷ್ಟು ಹಗುರವಾದ ಇಡ್ಲಿ ಏಳದಿರುವುದು ಆ ಲೋಳೆ ಅವುಗಳಲ್ಲಿ ಇಲ್ಲದ್ದರಿಂದ. ಚಳಿ ಹೆಚ್ಚಿದರೆ ಹಿಟ್ಟು ಮುನಿಸಿಕೊಳ್ಳುತ್ತದೆ. ಹಳ್ಳಿಯಲ್ಲಿ ಅಜ್ಜಿಯರು ಹಿಟ್ಟಿನ ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಮಲಗಿಸುತ್ತಿದ್ದರು. ಅಮೆರಿಕದಲ್ಲಿ ನೆಲೆಸಿದ ಮೊಮ್ಮಕ್ಕಳು ಓವನ್ನಿನೊಳಗಿನ ದೀಪ ಹಚ್ಚಿ ಅದರ ಬೆಚ್ಚಗಿನಲ್ಲಿ ಇಡುತ್ತಾರೆ.

ಬಟ್ಟೆಯ ಮಾತಿಗೆ ಮರಳಿದರೆ ಒಂದು ಬೇಸರದ ಸಂಗತಿಯನ್ನೂ ಹೇಳಬೇಕಾಗುತ್ತದೆ. ಇಡ್ಲಿ ತಟ್ಟೆಗೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹೊಯ್ಯುವುದು ಹೋಟೆಲುಗಳ ಹಳೆಯ ಪದ್ಧತಿ. ಬಟ್ಟೆಯನ್ನು ದಿನವೂ ಒಗೆಯಬೇಕು, ಕುದಿಸಬೇಕು, ಒಣಗಿಸಬೇಕು. ಆ ಶ್ರಮ ತಪ್ಪಿಸಿಕೊಳ್ಳಲು ಕೆಲವೆಡೆ ಪ್ಲಾಸ್ಟಿಕ್ ಹಾಳೆ ಬಂದು ಕೂತಿತು. ಆರೋಗ್ಯ ಇಲಾಖೆಯ ತಪಾಸಣೆಯಲ್ಲಿ ಇದು ಬಯಲಾಗಿ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸುವುದನ್ನು ನಿಷೇಧಿಸಿತು. ಬಿಸಿ ಹಬೆಗೂ ಪ್ಲಾಸ್ಟಿಕ್ಕಿಗೂ ಎಂದೂ ಕೂಡಿ ಬಾರದು. ಹೋಟೆಲಿನಲ್ಲಿ ಇಡ್ಲಿಯ ಬೆನ್ನನ್ನು ತಿರುಗಿಸಿ ನೋಡಿ: ಬಟ್ಟೆಯ ನೇಯ್ಗೆಯ ಗೆರೆ ಮೂಡಿದ್ದರೆ ನಿಶ್ಚಿಂತೆಯಿಂದ ತಿನ್ನಬಹುದು.

ಬಟ್ಟೆಗಿಂತಲೂ ಚೆಂದದ ಉಪಾಯ ಎಲೆ. ಅದನ್ನು ನೋಡಬೇಕಾದರೆ ಘಟ್ಟ ಇಳಿಯಬೇಕು.

ಮಂಗಳೂರು, ಉಡುಪಿಯ ಪೇಟೆಗಳಲ್ಲಿ ಕೃಷ್ಣಾಷ್ಟಮಿಗೆ ಎರಡು ದಿನ ಮೊದಲು ರಸ್ತೆ ಬದಿಯಲ್ಲಿ ಹಸಿರು ಕೊಳವೆಗಳ ರಾಶಿ ಬೀಳುತ್ತದೆ. ಅವು ಮೂಡೆಯ ಕೊಟ್ಟೆಗಳು. ಕೇದಗೆ ಜಾತಿಯ ಗಿಡದ ಉದ್ದನೆಯ ಎಲೆಯ ಅಂಚಿನ ಮುಳ್ಳುಗಳನ್ನು ಸವರಿ, ಬೆಂಕಿಯ ಝಳಕ್ಕೆ ಹಿಡಿದು ಬಾಡಿಸಿ, ಸುರುಳಿ ಸುತ್ತಿ, ಕಡ್ಡಿ ಚುಚ್ಚಿ ನಿಲ್ಲಿಸುವ ಕೆಲಸಕ್ಕೆ ಪಳಗಿದ ಬೆರಳುಗಳೇ ಆಗಬೇಕು. ಸುತ್ತು ಸಡಿಲವಾದರೆ ಹಿಟ್ಟು ಸೋರುತ್ತದೆ, ಬಿಗಿಯಾದರೆ ಎಲೆ ಸೀಳುತ್ತದೆ. ನಾಲ್ಕು ಹಲಸಿನೆಲೆಗಳನ್ನು ತೆಂಗಿನ ಗರಿಯ ಕಡ್ಡಿಯಿಂದ ಹೊಲಿದು ಮಾಡುವ ಬಟ್ಟಲಿನದು ಕೊಟ್ಟೆ ಕಡುಬು. ತುಳುವರಿಗೆ ಅದು ಗುಂಡ, ಕೊಂಕಣಿಗರಿಗೆ ಖೊಟ್ಟೊ. ಹಿಟ್ಟು ಇಡ್ಲಿಯದೇ, ಉದ್ದು ಅಕ್ಕಿಯದೇ. ಆದರೆ ಎಲೆ ಬಿಡಿಸಿ ಬಾಯಿಗಿಟ್ಟರೆ ಬೇರೆಯದೇ ತಿನಿಸು. ಸ್ಟೀಲಿನ ಲೋಟದಲ್ಲಿ ಬೇಯಿಸಿ ಅದನ್ನೇ ಮೂಡೆ ಎಂದು ಬಡಿಸುವವರಿದ್ದಾರೆ. ಆಕಾರವೇನೋ ಬರುತ್ತದೆ, ಕೇದಗೆಯ ಕಂಪನ್ನು ಸ್ಟೀಲು ಎಲ್ಲಿಂದ ತಂದೀತು? ರಸ್ತೆ ಬದಿಯಲ್ಲಿ ಕೂತು ಕೊಟ್ಟೆ ಕಟ್ಟುವವರಿಂದ ನಾಲ್ಕು ಕೊಳ್ಳುವುದು ಆ ಬೆರಳುಗಳ ವಿದ್ಯೆ ಉಳಿಯಲು ಮಾಡಬಹುದಾದ ದೊಡ್ಡ ಸಹಾಯ.

ಇನ್ನೊಂದು ಎಲೆಯ ಪಯಣ ಇನ್ನೂ ದೊಡ್ಡದು. ನಾಗರ ಪಂಚಮಿಗೆ ಕರಾವಳಿಯ ಮನೆಗಳಲ್ಲಿ ಅರಿಸಿನ ಎಲೆಯ ಕಡುಬಿನ ಪರಿಮಳ ಅಂಗಳದವರೆಗೆ ಹರಡುತ್ತದೆ. ಎಲೆಯ ಮೇಲೆ ಅಕ್ಕಿ ಹಿಟ್ಟು ಬಳಿದು, ತೆಂಗಿನ ತುರಿ ಬೆಲ್ಲದ ಹೂರಣವಿಟ್ಟು, ಮಡಚಿ ಹಬೆಗಿಡುತ್ತಾರೆ. ಗೋವಾಕ್ಕೆ ಹೋದರೆ ಇದೇ ತಿನಿಸು ಪಾತೊಳೆ. ಅಲ್ಲಿನ ಕ್ರೈಸ್ತರು ಆಗಸ್ಟ್ 15ರ ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬಕ್ಕೆ ಮಾಡುತ್ತಾರೆ. ಪಂಚಮಿಯೂ ಆ ಹಬ್ಬವೂ ಒಂದೇ ಮಳೆಗಾಲದಲ್ಲಿ, ಅರಿಸಿನದ ಗಿಡ ಎಳೆಯ ಎಲೆಗಳಿಂದ ತುಂಬಿ ನಿಂತಾಗ ಬರುತ್ತವೆ. ಹಬ್ಬ ಯಾರದ್ದಾದರೂ ಎಲೆ ಹಿತ್ತಲಿನದೇ.

ಅಲ್ಲಿಂದ ನೇರ ಬಂಗಾಳ ಕೊಲ್ಲಿಯ ದಂಡೆಗೆ, ಒಡಿಶಾಕ್ಕೆ ಬಂದರೆ, ಹೆಚ್ಚಾಗಿ ನವೆಂಬರಿನಲ್ಲಿ ಬೀಳುವ ಪ್ರಥಮಾಷ್ಟಮಿ. ಅದು ಮನೆಯ ಚೊಚ್ಚಲ ಮಗುವಿನ ಹಬ್ಬ. ಸೋದರಮಾವನ ಮನೆಯಿಂದ ಹೊಸ ಬಟ್ಟೆ ಬರುತ್ತದೆ, ಮಗುವಿಗೆ ಆರತಿ ಎತ್ತುತ್ತಾರೆ, ಎಂಡುರಿ ಪಿಠಾ ಬೇಯುತ್ತದೆ. ಉದ್ದು ಅಕ್ಕಿಯನ್ನು ರುಬ್ಬಿ ಹುಳಿ ಬರಿಸಿದ ಹಿಟ್ಟು, ಅರಿಸಿನದ ಎಲೆ, ಒಳಗೆ ತೆಂಗಿನ ತುರಿ, ಬೆಲ್ಲ, ಜೊತೆಗೆ ಹಾಲೊಡೆದ ಛೇನಾ. ಕನ್ನಡ ನಾಡಿನ ಇಡ್ಲಿ ಹಿಟ್ಟೂ ಕರಾವಳಿಯ ಅರಿಸಿನ ಎಲೆಯೂ ಸಾವಿರ ಕಿಲೋಮೀಟರ್ ಆಚೆ ಒಂದೇ ಮಡಿಕೆಯಲ್ಲಿ ಸಿಕ್ಕಂತೆ. ಈ ಬರಹದಲ್ಲಿ ಬರುವ ತಿನಿಸುಗಳಲ್ಲಿ ಒಂದನ್ನೇ ಹುಡುಕಿಕೊಂಡು ಹೋಗಲು ಸಾಧ್ಯವಿರುವವರು ಎಂಡುರಿಯನ್ನೇ ಹುಡುಕಿಕೊಂಡು ಹೋಗಲಿ.

ಕೆಸುವಿನೆಲೆಯದು ಜಗಳಗಂಟ ಸ್ವಭಾವ. ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಗಂಟಲು ಕೆರೆಯುತ್ತವೆ. ಅದಕ್ಕೆ ಹುಣಸೆಹುಳಿಯ ಪಹರೆ. ಅಕ್ಕಿ, ಕೊತ್ತಂಬರಿ, ಒಣಮೆಣಸು, ಹುಳಿ, ಬೆಲ್ಲ, ಕಾಯಿತುರಿ ಸೇರಿಸಿ ರುಬ್ಬಿದ ಹಿಟ್ಟನ್ನು ಎಲೆಯ ಮೇಲೆ ಎಲೆಯಿಟ್ಟು ಬಳಿದು, ಸುರುಳಿ ಸುತ್ತಿ ಚೆನ್ನಾಗಿ ಬೇಯಿಸಿದರೆ ಪತ್ರೊಡೆ. ಮಲೆನಾಡಿನಲ್ಲಿ ಮಳೆ ಹಿಡಿದಾಗ ಮರಗಳ ಕೊಂಬೆಯ ಮೇಲೆ ಹುಟ್ಟುವ ಮರಕೆಸುವಿಗೆ ಮರ್ಯಾದೆ ಹೆಚ್ಚು. ಇದೇ ಸುರುಳಿ ಮಹಾರಾಷ್ಟ್ರದಲ್ಲಿ ಅಳುವಡಿ, ಗುಜರಾತಿನಲ್ಲಿ ಪಾತ್ರಾ. ಅಲ್ಲಿ ಅಕ್ಕಿಯ ಜಾಗಕ್ಕೆ ಕಡಲೆಹಿಟ್ಟು. ಬೆಂದ ಬಿಲ್ಲೆಯ ಮೇಲೆ ತೆಂಗಿನೆಣ್ಣೆ ಬಿಟ್ಟುಕೊಂಡು ತಿನ್ನುವುದೋ, ಕಾವಲಿಯ ಮೇಲೆ ಕೆಂಪಗೆ ಹುರಿದು ತಿನ್ನುವುದೋ ಎಂಬ ವಾದ ಪ್ರತಿ ಮನೆಯಲ್ಲೂ ಇದೆ. ಮೊದಲ ದಿನ ಹಾಗೆಯೇ, ಮರುದಿನ ಹುರಿದು ತಿಂದರೆ ಎರಡೂ ಪಕ್ಷ ಗೆದ್ದಂತೆ.

ಗುಜರಾತಿನ ಹೆಸರು ಬಂದಾಗ ಒಂದು ಗೊಂದಲವನ್ನು ಬಿಡಿಸಬೇಕು. ಬೆಂಗಳೂರಿನ ಮಿಠಾಯಿ ಅಂಗಡಿಗಳಲ್ಲಿ ಢೋಕ್ಲಾ ಎಂದು ಸಿಗುವ ಹಳದಿಯ, ಸ್ಪಂಜಿನಂಥ ತುಂಡು ನಿಜಕ್ಕೂ ಖಮಣ್. ಅದು ಕಡಲೆಹಿಟ್ಟಿನದು, ಸೋಡಾದಿಂದ ಕ್ಷಣದಲ್ಲಿ ಉಬ್ಬಿದ್ದು. ಢೋಕ್ಲಾ ಎಂದರೆ ಅಕ್ಕಿ ಮತ್ತು ಕಡಲೆಬೇಳೆಯನ್ನು ರುಬ್ಬಿ, ಹುಳಿ ಮೊಸರಿನೊಂದಿಗೆ ತಾಳ್ಮೆಯಿಂದ ಹುಳಿಬರಿಸಿದ್ದು. ಬಣ್ಣ ತಿಳಿ, ಮೈ ಗಟ್ಟಿ, ರುಚಿ ಆಳ. ಸೂರತ್ತಿನಲ್ಲಿ ಲೋಚೋ ಎಂಬುದೊಂದಿದೆ. ಹಿಟ್ಟು ತೆಳ್ಳಗಾಗಿ ಖಮಣ್ ಆಕಾರಕ್ಕೆ ಬಾರದೆ ಹೋದದ್ದರಿಂದ ಹುಟ್ಟಿತು ಎನ್ನುತ್ತಾರೆ. ಮುದ್ದೆಯಾಗಿ ಬೆಂದದ್ದರ ಮೇಲೆ ಎಣ್ಣೆ, ಸೇವ್, ಈರುಳ್ಳಿ, ಮಸಾಲೆ ಉದುರಿಸಿ ಬಿಸಿಬಿಸಿಯಾಗಿ ಕೊಡುತ್ತಾರೆ. ಸೂರತ್ತಿನ ಬೆಳಗು ಅದಿಲ್ಲದೆ ಪೂರ್ತಿಯಾಗದು.

ಹಳೆಯ ಮೈಸೂರಿನ ನುಚ್ಚಿನುಂಡೆಗೆ ಹುಳಿಯೂ ಬೇಡ, ಸೋಡಾವೂ ಬೇಡ. ನೆನೆದ ತೊಗರಿಬೇಳೆಯನ್ನು ತರಿತರಿಯಾಗಿ ರುಬ್ಬಿ, ಹಸಿಮೆಣಸಿನಕಾಯಿ, ಶುಂಠಿ, ಸಬ್ಬಸಿಗೆ ಸೊಪ್ಪು, ಕಾಯಿತುರಿ ಕಲಸಿ, ಮುಷ್ಟಿಯಲ್ಲಿ ಹಿಡಿದು ಹಬೆಗಿಟ್ಟರೆ ಆಯಿತು. ಪಕ್ಕದಲ್ಲಿ ಮಜ್ಜಿಗೆಹುಳಿ ಇರಬೇಕು.

ಕೊಡಗಿನಲ್ಲಿ ಹಬೆಯೇ ಮನೆತನ. ಅಕ್ಕಿ ತರಿಯನ್ನು ಬೇಯಿಸಿ ಉಂಡೆ ಕಟ್ಟಿ ಮತ್ತೆ ಹಬೆಗಿಟ್ಟರೆ ಕಡಂಬುಟ್ಟು, ಒತ್ತಿ ಎಳೆದರೆ ನೂಪುಟ್ಟು, ತರಿಗೆ ಹಾಲು ತೆಂಗಿನ ತುರಿ ಕಲಸಿ ತಟ್ಟೆಯಲ್ಲಿ ಬೇಯಿಸಿದರೆ ಪಾಪುಟ್ಟು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕಡಂಬುಟ್ಟು, ಕಾಚಂಪುಳಿಯ ಹುಳಿಯಿಂದ ಕಪ್ಪೇರಿದ ಪಂದಿಕರಿಯ ಜೊತೆಗೆ ಕೂರುತ್ತದೆ. ಸಪ್ಪೆ ಉಂಡೆ, ಖಾರದ ಕರಿ. ಒಂದಿಲ್ಲದೆ ಇನ್ನೊಂದಕ್ಕೆ ಅರ್ಥವಿಲ್ಲ. ಕೊಡಗಿನ ಗಡಿ ದಾಟಿದರೆ ಕೇರಳದ ಪುಟ್ಟು. ಹಿಂದೆ ಬಿದಿರಿನ ಕೊಳವೆಯಲ್ಲಿ ಅಕ್ಕಿಹಿಟ್ಟು, ತೆಂಗಿನ ತುರಿಯನ್ನು ಪದರಪದರವಾಗಿ ತುಂಬಿ ಬೇಯಿಸುತ್ತಿದ್ದುದು ಈಗ ಲೋಹದ ಕೊಳವೆಗೆ ಬಂದಿದೆ. ಕಡಲೆಕರಿಯ ಜೊತೆಗಿನ ಅದರ ನಂಟು ಮಾತ್ರ ಅಲುಗಿಲ್ಲ.

ಕುಶಾಲನಗರದಿಂದ ಕೂಗಳತೆಯ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿನ ನಿರಾಶ್ರಿತರು ನೆಲೆ ಕಂಡುಕೊಂಡಿದ್ದಾರೆ. ಹೀಗಾಗಿ ಕಡಂಬುಟ್ಟಿನ ನೆರೆಯಲ್ಲೇ ಮೊಮೊ ಬೇಯುತ್ತದೆ. ಹಿಮಾಲಯದ ಸ್ವಂತ ತಿನಿಸು ತಿನ್ನಬೇಕೆಂದರೆ ಹಿಮಾಚಲದ ಕುಲ್ಲು, ಮಂಡಿ, ಶಿಮ್ಲಾದ ಕಡೆ ಹೋಗಿ ಸಿಡ್ಡು ಕೇಳಬೇಕು. ಅದು ಹುಳಿಬಂದ ಗೋಧಿ ಹಿಟ್ಟಿನ ದಪ್ಪನೆಯ ಕಡುಬು. ಒಳಗೆ ಗಸಗಸೆ, ಅಕ್ರೋಟಿನ ಹೂರಣ. ಮಧ್ಯಕ್ಕೆ ಮುರಿದು ಬಿಸಿ ತುಪ್ಪ ಸುರಿದುಕೊಂಡು ತಿನ್ನುವುದು ಅಲ್ಲಿನ ರೂಢಿ. ಹೊರಗಿನ ಚಳಿಗೆ ತುಪ್ಪ ಎಷ್ಟಿದ್ದರೂ ಹೆಚ್ಚಾಗದು.

ಮೀನು ತಿನ್ನುವವರಿಗೆ ಎರಡು ಹೆಸರು. ಮುಂಬಯಿಯ ಪಾರ್ಸಿಗಳ ಮದುವೆಯೂಟದ ಪಾತ್ರಾ ನಿ ಮಚ್ಛಿ: ಪಾಂಫ್ರೆಟ್, ಎಂದರೆ ಮಂಗಳೂರಿನ ಮಾಂಜಿ, ಅದಕ್ಕೆ ಕೊತ್ತಂಬರಿ ಸೊಪ್ಪು ತೆಂಗಿನ ಹಸಿರು ಚಟ್ನಿ ಮೆತ್ತಿ ಬಾಳೆಯೆಲೆಯಲ್ಲಿ ಪೊಟ್ಟಣ ಕಟ್ಟಿ ಬೇಯಿಸಿದ್ದು. ಬಂಗಾಳದ ಭಾಪಾ ಇಲಿಶ್: ಇಲಿಶ್ ಮೀನಿನ ತುಂಡುಗಳಿಗೆ ರುಬ್ಬಿದ ಸಾಸಿವೆ, ಹಸಿಮೆಣಸಿನಕಾಯಿ, ಹಸಿ ಸಾಸಿವೆ ಎಣ್ಣೆ. ಅಲ್ಲಿನ ಗೃಹಿಣಿಯರು ಇದನ್ನು ಟಿಫಿನ್ ಡಬ್ಬಿಯಲ್ಲಿ ಮುಚ್ಚಿ ಅನ್ನ ಬೇಯುವ ಪಾತ್ರೆಯೊಳಗೇ ಇಟ್ಟುಬಿಡುತ್ತಾರೆ. ಒಂದೇ ಉರಿಯಲ್ಲಿ ಅನ್ನವೂ ಆಯಿತು, ಮೀನೂ ಆಯಿತು.

ಕೊನೆಗೆ ಅಸ್ಸಾಂ. ಹ್ಯೂಯೆನ್ ತ್ಸಾಂಗ್ ದೊರೆ ಭಾಸ್ಕರವರ್ಮನ ಆಹ್ವಾನದ ಮೇರೆಗೆ ಹೋಗಿದ್ದ ಕಾಮರೂಪ ಇದೇ. ಜನವರಿಯ ನಡುವೆ, ಮಾಘ ಬಿಹುವಿನ ಮುಂಜಾನೆ, ಅಲ್ಲಿನ ಮನೆಗಳಲ್ಲಿ ಮಾಡುವ ಪಿಠಾಗಳಲ್ಲಿ ಒಂದರ ಹೆಸರು ತೆಕೆಲಿ ಪಿಠಾ. ತೆಕೆಲಿ ಎಂದರೆ ಮಣ್ಣಿನ ಗಡಿಗೆ. ಚಹಾದ ನಾಡಾದ್ದರಿಂದ ಈಗ ಗಡಿಗೆಯ ಜಾಗಕ್ಕೆ ಕೆಟಲ್ ಬಂದು ಅದು ಕೆಟಲಿ ಪಿಠಾ ಎಂದೂ ಆಗಿದೆ. ನೆನೆಸಿ ಕುಟ್ಟಿದ ಅಕ್ಕಿಯ ಹಸಿ ಹಿಟ್ಟು, ತೆಂಗಿನ ತುರಿ, ಬೆಲ್ಲ. ಅದನ್ನು ಸಣ್ಣ ಬಟ್ಟೆಯಲ್ಲಿ ಗಂಟು ಕಟ್ಟಿ, ಕುದಿಯುವ ಕೆಟಲಿನ ತೆರೆದ ಬಾಯಿಯ ಮೇಲೆ ಕೂರಿಸುತ್ತಾರೆ. ಕೆಲವೇ ನಿಮಿಷ. ಗಂಟು ಬಿಚ್ಚಿದರೆ ಬಟ್ಟೆಯ ನೇಯ್ಗೆಯ ಗೆರೆಗಳು ಮೈಮೇಲೆ ಮೂಡಿದ ಬಿಳಿಯ ಪಿಠಾ, ರಾಮಶ್ಶೇರಿಯ ಇಡ್ಲಿಯ ಬೆನ್ನಿನಂತೆಯೇ. ಅದನ್ನು ತಟ್ಟೆಗೆ ಹಾಕಿ, ಒದ್ದೆ ಬಟ್ಟೆಯನ್ನು ಒಮ್ಮೆ ಕೊಡವಿ, ಸುತ್ತ ಕೂತ ಮಕ್ಕಳು ಕೈ ಚಾಚುವಷ್ಟರಲ್ಲಿ ಮುಂದಿನ ಗಂಟನ್ನು ಕಟ್ಟುತ್ತಾರೆ.